ಹರಿಗೋಲಿನಷ್ಟೇ ಅಗಲ

"ದಾರಿ ಮುಚ್ಕೊಬುಡ್ತು ಕಣವ್ವ," ಅಂದ ಚಲುವರಾಜು. ಕೈಯಲ್ಲಿದ್ದ ಬಿದಿರು ಗಳವನ್ನು ಎತ್ತಲೂ ಇಲ್ಲ, ನೀರಿಗೆ ಇಳಿಸಲೂ ಇಲ್ಲ. ಸುಮ್ಮನೆ ಹಿಡಿದು ನಿಂತ.

ಅಣ್ಣಮ್ಮ ಹರಿಗೋಲಿನ ಅಂಚು ಹಿಡಿದು ಹಿಂದಕ್ಕೆ ನೋಡಿದಳು. ಅರ್ಧ ಗಂಟೆ ಹಿಂದೆ ಅವರು ಸೀಳಿಕೊಂಡು ಬಂದಿದ್ದ ನೀರಿನ ಪಟ್ಟೆ ಎಲ್ಲೂ ಇರಲಿಲ್ಲ. ಹಸಿರು, ಹಸಿರಿನ ಮೇಲೆ ನೇರಳೆ ಹೂವು, ಅದರಾಚೆ ಮತ್ತೆ ಹಸಿರು. ಕೂಗಳತೆಯಲ್ಲಿ ಬಿಳಿಕಲ್ಲುಕೆರೆಯ ಏರಿ. ಏರಿಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

ಅವಳಜ್ಜಿ ಒಂದು ಕತೆ ಹೇಳುತ್ತಿದ್ದಳು. ರಾಜಕುಮಾರ ಹೂವು ತರಲು ಹೊರಟ. ತೋಟ ಅವನಿಗೆ ನಯವಾಗಿ ದಾರಿ ಬಿಟ್ಟಿತು. ಅವನು ಒಂದು ಹೆಜ್ಜೆ ಇಟ್ಟರೆ ಹಿಂದೆ ಒಂದು ಹೆಜ್ಜೆ ಮುಚ್ಚಿಕೊಂಡಿತು. "ಆಮೇಲೇನಾಯ್ತಜ್ಜಿ?" ಎಂದರೆ, "ಆಮೇಲೆ ನಂಗೆ ನಿದ್ದೆ ಬಂತು," ಎಂದು ಅಜ್ಜಿ ಮಗ್ಗುಲಾಗುತ್ತಿದ್ದಳು. ಆ ಕತೆಯ ಕೊನೆ ಅಣ್ಣಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಈ ಕೆರೆಯ ಕಳೆ ಕೀಳುವ ಬಳಗವನ್ನು ಕಟ್ಟಿದ್ದ ತಮ್ಮಯ್ಯ ಮೇಷ್ಟ್ರು ಕಾಣೆಯಾಗಿ ಇಂದಿಗೆ ಇಪ್ಪತ್ತು ದಿನ. ಅವರನ್ನು ತೂಬಿನ ಹತ್ತಿರ ಮುಗಿಸಿದವನು, ಗದ್ದೆಗಳಿಗೆ ಕೆರೆ ನೀರು ಬಿಡುವ ನೀರುಗಂಟಿ ದೇವಯ್ಯನೇ ಎಂದು ಠಾಣೆಯವರು ಮೂರು ದಿನದಿಂದ ಅವನನ್ನು ಕೂಡಿಹಾಕಿದ್ದರು. ಅಣ್ಣಮ್ಮ ಅದೇ ಠಾಣೆಯ ಕಾನ್‌ಸ್ಟೇಬಲ್. ದೇವಯ್ಯ ಅವಳ ಒಡಹುಟ್ಟಿದ ಅಣ್ಣ.

ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಮೂರು ಗಂಟೆಗೆ ಅರೆಸ್ಟು ಬರೆದು ಶ್ರೀರಂಗಪಟ್ಟಣದ ಕೋರ್ಟಿಗೆ ಹಾಜರು ಮಾಡುತ್ತೇವೆ ಎಂದಿದ್ದರು ಸಬ್‌ಇನ್ಸ್‌ಪೆಕ್ಟರು. "ನಿನ್ನ ಹತ್ರ ಏನಾದ್ರೂ ಇದ್ರೆ ಅಷ್ಟರೊಳಗೆ ತಾ. ಆಮೇಲೆ ನನ್ನ ಕೈಲಿಲ್ಲ."

"ಇನ್ನೆಷ್ಟೊತ್ತು ಚಲುವರಾಜಣ್ಣ?"

"ಗಾಳೀನೇ ಕೇಳ್ಬೇಕು. ಪಡುವಲ ಗಾಳಿ ಎದ್ದದೆ. ಇಡೀ ಕೆರೆ ಸೊಪ್ಪು ಈ ಕಡೀಕೇ ನೂಕ್ಕಂಡು ಬತ್ತಾ ಅದೆ. ಒಂದೊಂದ್ಸಲ ಗಂಟೇಲಿ ಬುಟ್ಕತದೆ, ಒಂದೊಂದ್ಸಲ ಸಂಜೆ ಮಾಡ್ತದೆ."

"ಸಂಜೆ ಆದ್ರೆ ನಮ್ಮಣ್ಣ ಜೈಲಲ್ಲಿರ್ತಾನೆ ಕಣಣ್ಣ."

"ಬ್ಯಾಡ ಅಂದೆ. ಎರಡು ಸಲ ಬ್ಯಾಡ ಅಂದೆ. ಪೋಲೀಸಮ್ಮ ಅಲ್ವಾ ನೀನು, ಕೇಳ್ತೀಯಾ?"

"ಇಳಿದು ನಡ್ಕೊಂಡೇ ಹೋದ್ರೆ?"

"ನಡಿ. ಯಾರ್ ಬ್ಯಾಡ ಅಂದೋರು?" ಚಲುವರಾಜು ಬೀಡಿ ಹುಡುಕುತ್ತಾ ನಕ್ಕ. "ನಾಕೆಜ್ಜೆ ತಡೀತದೆ. ಐದನೇದಕ್ಕೆ ಸೊಂಟದಗಂಟ. ಬೇರು ಕಾಲ್ಗೆ ಸುತ್ಕಂಡ್ರೆ ಈಜೋನೂ ಮ್ಯಾಕೆ ಬರಲ್ಲ. ಓದ್ವರ್ಸ ಸಿದ್ದರಾಜನ ಎಮ್ಮೆ ಓಯ್ತಲ್ಲ. ಎಮ್ಮೆಗಿಂತ ನೀನು ಚೆನ್ನಾಗಿ ಈಜ್ತೀಯಾ?"

ಅಣ್ಣಮ್ಮ ನಗಲಿಲ್ಲ.

ತೊಂಬತ್ನಾಲ್ಕರಲ್ಲಿ ಯಾರೋ ಹೂವು ಚೆಂದ ಅಂತ ತಂದು ಬಿಟ್ಟ ನಾಲ್ಕು ಗಿಡವಂತೆ ಈ ಅಂತರಗಂಗೆ. ಎರಡು ವರ್ಷದಲ್ಲಿ ಮುಕ್ಕಾಲು ಕೆರೆ ನುಂಗಿತ್ತು. ಪ್ರತಿ ಭಾನುವಾರ ಮೂವತ್ತು ನಲವತ್ತು ಜನ ಸೊಂಟಮಟ್ಟ ನೀರಿಗಿಳಿದು ಕೀಳುತ್ತಿದ್ದರು. ರಜೆ ಸಿಕ್ಕಾಗ ಅಣ್ಣಮ್ಮನೂ. ದೇವಯ್ಯ ಮಾತ್ರ ಒಂದು ದಿನವೂ ಒಂದು ಎಲೆಯನ್ನೂ ಮುಟ್ಟಿದವನಲ್ಲ. "ನೀರಿಗೆ ನಾನು, ಸೊಪ್ಪಿಗೆ ನೀವು," ಎಂದು ಏರಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ.

ನಿನ್ನೆ ಸಂಜೆ ಏರಿಯ ಮೇಲಿಂದ ಅವಳಿಗೆ ಕಂಡದ್ದು ಇಷ್ಟೇ. ಹಸಿರಿನ ನಟ್ಟನಡುವೆ ಒಂದು ಕಂದು ಗೆರೆ. ಬಳೆಯ ಹಾಗೆ. "ರೋಗ ಬಿದ್ದದೆ," ಎಂದಿದ್ದ ಚಲುವರಾಜು. ಯಾರೋ ಏನನ್ನೋ ಅಲ್ಲಿ ಮುಚ್ಚಿಟ್ಟಿದ್ದಾರೆ ಎನಿಸಿತ್ತು ಅವಳಿಗೆ. ಊರಲ್ಲಿ ತೂತಿಲ್ಲದ ಹರಿಗೋಲು ಇದ್ದದ್ದು ಅವನದೊಂದೇ. ಬೆಳಗ್ಗೆ ಅವನ ಮನೆ ಜಗಲಿಯ ಮೇಲೆ ಕೂತು, ಎರಡು ಲೋಟ ಕಾಫಿ ಕುಡಿದು, ಏಳದೇ ಇದ್ದದ್ದಕ್ಕೆ ಅವನು ಒಪ್ಪಿದ್ದು.

ಹರಿಗೋಲು ಒಮ್ಮೆ ಜೋರಾಗಿ ಅಲುಗಿತು.

ಹಿಂದಿನಿಂದ ಸೊಪ್ಪಿನ ಹಾಸು ಒತ್ತುತ್ತಿತ್ತು. ಯಾವುದೋ ದೊಡ್ಡ ಪ್ರಾಣಿ ಬೆನ್ನುಕೊಟ್ಟು ತಳ್ಳಿದ ಹಾಗೆ ಹರಿಗೋಲು ಮೆಲ್ಲಗೆ ಮುಂದೆ ಜರುಗಿತು. ಚಲುವರಾಜು ಗಳ ಊರಿ ತಡೆಯಲು ನೋಡಿದ. ಗಳ ಬೇರಿನಲ್ಲಿ ಸಿಕ್ಕಿಕೊಂಡಿತು. ಎಲೆಗಳು ಸರಸರ ಸವರಿದವು, ಏನೋ ಮೆತ್ತಗೆ ದಾರಿ ಬಿಟ್ಟಿತು, ಹರಿಗೋಲು ಒಂದು ಕಡೆ ಹೋಗಿ ಕೂತಿತು.

ಕೂತಿತು ಎಂದರೆ, ಒರಳಿಗೆ ಗುಂಡುಕಲ್ಲು ಕೂತ ಹಾಗೆ. ಆ ಕಡೆ ಈ ಕಡೆ ಒಂದಂಗುಲ ಇಲ್ಲ.

ಸುತ್ತ, ಒಂದು ಗೇಣು ಎತ್ತರಕ್ಕೆ, ಒಣಗಿದ ಕಂದು ದಿಂಡು.

"ಇದೇ," ಎಂದಳು ಅಣ್ಣಮ್ಮ. 



ಅವಳು ಬಗ್ಗಿ ಒಂದು ಹಿಡಿ ಕಿತ್ತಳು. ಎಲೆ ಪುಡಿಯಾಯಿತು. ಇನ್ನೊಂದು ಹಿಡಿ. ಮತ್ತೊಂದು ಕಡೆ ತಿರುಗಿ ಅಲ್ಲೂ ಒಂದು. ಎಲ್ಲದರಲ್ಲೂ ಒಂದೇ ಕ್ರಮ. ಎಲೆ ಕೆಳಗೆ. ಬೇರು ಮೇಲೆ.



ತಮ್ಮಯ್ಯ ಮೇಷ್ಟ್ರ ಮೊದಲನೇ ಪಾಠವೇ ಅದು. ಅಂತರಗಂಗೆಯನ್ನು ಕಿತ್ತು ಬಿಸಾಕಿದರೆ ಸಾಯುವುದಿಲ್ಲ. ಬೇರಿಗೆ ಒಂದು ಹನಿ ಸಿಕ್ಕರೂ ಚಿಗುರುತ್ತದೆ. ಕಿತ್ತದ್ದನ್ನೆಲ್ಲ ತಲೆಕೆಳಗು ಮಾಡಿ ಒಟ್ಟಬೇಕು. "ಬೇರು ಆಕಾಶ ನೋಡ್ಬೇಕು!" ಎಂದು ಏರಿಯುದ್ದಕ್ಕೂ ಕೂಗುತ್ತಾ ಓಡಾಡುತ್ತಿದ್ದರು. ತಪ್ಪಿದವರು ಅವತ್ತಿನ ಟೀ ಲೋಟಗಳನ್ನೆಲ್ಲ ತೊಳೆಯಬೇಕು. ಲೋಟ ತೊಳೆದೂ ತೊಳೆದೂ ಬಳಗದವರ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಪುಟ್ಟಗೌರಮ್ಮ ಸಂತೆಯಲ್ಲಿ ಕೊತ್ತಂಬರಿ ಕಟ್ಟನ್ನೂ ಬೇರು ಮೇಲೆ ಮಾಡಿ ಜೋಡಿಸಿ, ಗಿರಾಕಿಗಳಿಂದ ಬೈಸಿಕೊಂಡಿದ್ದಳು.

ಯಾರೂ ನೋಡದ ಕಡೆ, ಕೆರೆಯ ನಡುವೆ, ಕದ್ದು ಮಾಡುವ ಕೆಲಸದಲ್ಲೂ ಬೇರು ಆಕಾಶ ನೋಡುವಂತೆ ಒಟ್ಟಿದ ಕೈ ಅದು. ಆ ಕೈ ಬಳಗದ್ದು. ಸೊಪ್ಪು ಮುಟ್ಟದ ದೇವಯ್ಯನದ್ದಾಗಲು ಸಾಧ್ಯವೇ ಇಲ್ಲ.

ಇದು ಸಾಕು, ಎಂದುಕೊಂಡಳು ಅಣ್ಣಮ್ಮ. ಇದನ್ನು ಮೂರು ಗಂಟೆಯೊಳಗೆ ತಲುಪಿಸಿದರೆ ಸಾಕು. ಕಣ್ಣು ತುಂಬಿ ಬಂತು.

ಆಮೇಲೆ ಅವಳ ದೃಷ್ಟಿ ಹರಿಗೋಲಿನ ಅಂಚಿಗೆ ಒತ್ತಿಕೊಂಡಿದ್ದ ಗಿಡಗಳ ಮೇಲೆ ಬಿತ್ತು.

ಹೊರಗಿನ ಅಂತರಗಂಗೆ ಮೊಣಕಾಲುದ್ದ, ತೊಟ್ಟು ಸಪೂರ. ಒತ್ತಾಗಿ ಬೆಳೆದರೆ ಹಾಗೇ. ಈ ಬಳೆಯ ಒಳಗಿನವು ಕುಳ್ಳ ಗಿಡಗಳು. ಒಂದೊಂದು ತೊಟ್ಟೂ ಬಲೂನಿನಂತೆ ಉಬ್ಬಿತ್ತು. ಸುತ್ತ ಜಾಗ ಸಿಕ್ಕರೆ ಮಾತ್ರ ಅದು ಹಾಗೆ ಉಬ್ಬುವುದು. ಹೊಸದಾಗಿ ಹಬ್ಬಿದ್ದು ಯಾವುದು, ಹಳೇದು ಯಾವುದು ಎಂದು ಬಳಗದವರು ಗುರುತು ಹಿಡಿಯುತ್ತಿದ್ದದ್ದೇ ಹೀಗೆ. ಅಂದರೆ ಇಲ್ಲಿ ಯಾರೋ ಪೂರಾ ಕಿತ್ತು ನೀರು ಬಯಲು ಮಾಡಿದ್ದರು. ಮಾಡಿ ಎರಡು ಮೂರು ವಾರವಾಗಿರಬೇಕು, ಅಷ್ಟೇ.

ಒಂದು ಹೆಣ ಇಳಿಸಲು ಇಷ್ಟು ಜಾಗ ಬೇಡ. ಮತ್ತೆ ಇಷ್ಟು ಗುಂಡಗೆ ಯಾಕೆ?

ಅವಳು ಮೆಲ್ಲಗೆ ತಾನು ಕೂತ ಹರಿಗೋಲನ್ನು ಒಂದು ಸುತ್ತು ನೋಡಿದಳು. ಆ ಕಡೆ ಈ ಕಡೆ ಒಂದಂಗುಲ ಇಲ್ಲ.

"ಚಲುವರಾಜಣ್ಣ."

"ಏನು."

"ಇದು ನಿನ್ನ ಹರಿಗೋಲಿಗೇ ಅಳತೆ ಕೊಟ್ಟು ಕೊಯ್ದ ಜಾಗ."

ಬೀಡಿ ಹಚ್ಚಲು ಹೋಗಿದ್ದ ಕೈ ನಿಂತಿತು. ಕಡ್ಡಿ ಉರಿದು ಉರಿದು ಅವನ ಬೆರಳಿಗೆ ಬಂತು. ಅವನು ಕೊಡವಲಿಲ್ಲ.

ಅವಳಿಗೆ ಆಗ ಒಮ್ಮೆಲೇ ಎಲ್ಲ ಗೊತ್ತಾಯಿತು. ಇಳಿದು ಓಡಲು ನೆಲವಿಲ್ಲ. ಈಜಲು ನೀರಿಲ್ಲ. ಕೂಗಿದರೆ ಏರಿಯ ಮೇಲೆ ಕೇಳುವವರಿಲ್ಲ, ಬಳಗ ಬರುವುದು ಭಾನುವಾರ, ಇವತ್ತು ಮಂಗಳವಾರ. ಹರಿಗೋಲಿನ ತಳದಲ್ಲಿ, ಅವನ ಬಲಗಾಲಿನ ಪಕ್ಕ, ಸೊಪ್ಪು ಕೊಯ್ಯುವ ಕುಡುಗೋಲು.

"ಅದನ್ನ ಈ ಕಡೆ ಕೊಡು."

ಅವನು ಕುಡುಗೋಲು ಎತ್ತಿಕೊಂಡ. ಅವಳಿಗೆ ಕೊಡಲಿಲ್ಲ.

"ಮೇಷ್ಟ್ರನ್ನ ಏನ್ ಮಾಡ್ದೆ ಚಲುವರಾಜಣ್ಣ?" ಧ್ವನಿ ನಡುಗದಂತೆ ನೋಡಿಕೊಂಡಳು. ಠಾಣೆಯಲ್ಲಿ ಕಲಿಸಿದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

"ಓಹೋ. ಕೊಲೆಗಾರನ್ನ ಹಿಡ್ದ್‌ಬುಟ್ಟೆ?"

"ನಿನ್ ಜೊತೇಲಿ ನಿಂತು ಹದಿನೈದು ಭಾನುವಾರ ಸೊಪ್ಪು ಕಿತ್ತಿದ್ದೀನಿ. ನಿನ್ ಕೈ ನಂಗೊತ್ತು. ನಮ್ಮಣ್ಣ ಮೂರು ದಿನದಿಂದ ಒದೆ ತಿಂತಾ ಅವ್ನೆ. ನೀನು ಏರಿ ಮೇಲೆ ಬೀಡಿ ಸೇದ್ಕಂಡು ನೋಡ್ತಿದ್ದೀಯ."

"ನಾನು ಕೊಲ್ಲೋನಾಗಿದ್ರೆ," ಅವನು ಕುಡುಗೋಲಿನ ತುದಿಯಿಂದ ಸುತ್ತ ತೋರಿಸಿದ, "ನಿನ್ನ ಇಲ್ಲಿಗೆ ಕರ್ಕಂಬಂದು, ನಾನೂ ಸಿಕ್ಕಾಕ್ಕಂಡು ಕೂರ್ತಿದ್ನಾ? ಸ್ವಲ್ಪ ಬುದ್ಧಿ ಓಡ್ಸು. ಕೊಲೆ ಮಾಡೋ ಜಾಗ ಮಾಡ್ಕಳಾಕೆ ಯಾರಾರ ದಿಂಡು ಕಟ್ತಾರಾ?"

"ಮತ್ಯಾಕೆ ಕಟ್ಟಿದೆ?"

"ಅಡಗ್ಕಳಾಕೆ."

"ಯಾರಿಂದ?"

  ಗಾಳಿ ಬೀಸಿತು. ಹೂವುಗಳೆಲ್ಲ ಒಂದೇ ಕಡೆ ತಲೆ ಬಾಗಿಸಿದವು. ಹಾಸು ಇನ್ನಷ್ಟು ಬಿಗಿಯಾಯಿತು. ಹರಿಗೋಲಿನ ಬಿದಿರು ದಬ್ಬೆಗಳು ಕಿರುಗುಟ್ಟಿದವು.

"ಕೇಳ್ಬ್ಯಾಡ ಕಣವ್ವ."

"ಯಾರಿಂದ, ಹೇಳು."

"ನಿಮ್ಮಣ್ಣನಿಂದ."

ಅಣ್ಣಮ್ಮ ನಕ್ಕಳು. ನಗು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ಚಲುವರಾಜು ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಮುಖ ನೋಡದೆ, ಎಲೆಗಳಿಗೆ ಹೇಳುವ ಹಾಗೆ ಹೇಳತೊಡಗಿದ.

"ಬೆಳಕರಿಯೋ ಒತ್ತು. ನಾನು ಸೊಪ್ಪಿನ ಸಂದೀಲಿ ಬಲೆ ಎತ್ತಾಕೆ ಬಂದಿದ್ದೆ. ತೂಬಿನ ಮ್ಯಾಲೆ ಇಬ್ರು ನಿಂತವ್ರೆ. ಮೇಷ್ಟ್ರು ಏನೋ ಜೋರಾಗಿ ಅಂತಾವ್ರೆ, ರಾತ್ರಿ ಒತ್ತು ತೂಬು ಎತ್ತೋದು ನಿಲ್ಸು ಅಂತ. ಶಿವಣ್ಣನ ಕಬ್ಬಿನ ಗದ್ದೆ ಮುಳುಗ್ದೆ ಇರ್ಲಿ ಅಂತ ಊರ್ ಕೆರೆ ಬರಿದು ಮಾಡ್ತೀಯಾ ಅಂತ."

ಶಿವಣ್ಣ ಎಂದರೆ ಕೆರೆಯ ಹಿಂಬದಿಯ ಅಂಗಳವನ್ನು ಮೂರು ವರ್ಷದಿಂದ ಒತ್ತಿ ಕಬ್ಬು ಹಾಕಿದ್ದ ಮನುಷ್ಯ. ಕಳೆ ಹಬ್ಬಿ, ನೀರು ತಗ್ಗಿ, ಕೆರೆ ಒಳಗೊಳಗೇ ಸಾಯುತ್ತಾ ಬಂದಷ್ಟೂ ಅವನ ಗದ್ದೆ ಮುಂದೆ ಬರುತ್ತಿತ್ತು. ಬಳಗದವರು ಯಾರೂ ಅವನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅವನ ಬಿಳಿ ಕಾರು ಏರಿಯ ಮೇಲೆ ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

"ದೇವಯ್ಯ ಮೇಷ್ಟ್ರ ಕುತ್ಗೆಗೆ ಕೈ ಆಕ್ದ. ಬೇಕೂಂತ ಮಾಡಿದ್ನೋ, ಸಿಟ್ಟಲ್ಲಿ ಮಾಡಿದ್ನೋ, ಶಿವನೇ ಬಲ್ಲ. ಬುಟ್ಟಾಗ ಮೇಷ್ಟ್ರು ನೀರಿಗೆ ಬಿದ್ರು. ಅವ್ನು ಇಳೀಲಿಲ್ಲ. ನಿಂತು ನೋಡ್ದ. ಆಮ್ಯಾಲೆ ಓಡೋಗಿ ಇನ್ಯಾರನ್ನೋ ಕರ್ಕಂಬಂದ. ಅಷ್ಟ್ರಲ್ಲಿ ನಾನು ಮೇಷ್ಟ್ರನ್ನ ಎಳ್ದು ಹರಿಗೋಲಿಗೆ ಆಕ್ಕಂಡಿದ್ದೆ. ಇಬ್ರೂ ಏರಿ ಮ್ಯಾಲೆ ಉಡುಕ್ತಾವ್ರೆ, ನಾನು ಇಲ್ಲಿ ಸೊಪ್ಪು ಕುಯ್ದು ಕುಯ್ದು ಸುತ್ತ ಒಟ್ತಾ ಇವ್ನಿ, ತಲೆ ಕಾಣ್ಬಾರ್ದು ಅಂತ. ಕತ್ತಲಾಗೋಗಂಟ ಇಲ್ಲೇ ಮಲಗಿದ್ವಿ. ಬೇರು ಮ್ಯಾಲೆ, ಎಲೆ ಕೆಳಗೆ. ಅದು ಕೈ ಮಾಡಿದ್ದು. ನಂಗೇ ಗೊತ್ತಾಗಿಲ್ಲ."

"ಅಂದ್ರೆ ಮೇಷ್ಟ್ರು..."

"ಬದುಕವ್ರೆ. ಗಂಟ್ಲು ಓಗ್ಬುಟ್ಟದೆ. ಮಾತಿಲ್ಲ. ಎದ್ದು ಕೂರಾಕಾಗಲ್ಲ."

ಬದುಕಿದ್ದಾರೆ! ಅಣ್ಣಮ್ಮ ಎದ್ದೇ ನಿಂತಳು. ಹರಿಗೋಲು ಅಲುಗಲೂ ಇಲ್ಲ, ಅಷ್ಟು ಬಿಗಿಯಾಗಿ ಸಿಕ್ಕಿತ್ತು. "ಹಂಗಾದ್ರೆ ಕೊಲೇನೇ ಇಲ್ಲ! ಎಲ್ಲವ್ರೆ? ಹೇಳಣ್ಣ, ಅವ್ರನ್ನ ತೋರಿಸ್ಬುಟ್ರೆ ನಮ್ಮಣ್ಣನ್ನ ಈಗ್ಲೇ..."

"ಅದುಕ್ಕೇ ಹೇಳಲ್ಲ."

ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನಿಮ್ಮಣ್ಣ ಒಳಗಿದ್ರೆ ಮೇಷ್ಟ್ರು ಉಳೀತಾರೆ ಕಣವ್ವ. ಬದುಕವ್ರೆ ಅಂತ ಒಂದು ಸುದ್ದಿ ಈಚೆಗೆ ಬಂದ್ರೆ, ದೇವಯ್ಯನಾರ ಬುಟ್ಟಾನು, ಶಿವಣ್ಣ ಬುಡಲ್ಲ. ಮೇಷ್ಟ್ರೇ ಕೈಸನ್ನೇಲಿ ಬ್ಯಾಡ ಅಂದ್ರು. ಕೈಗೆ ಬಲ ಬರ್ಲಿ, ಮೇಲಿನ ಸಾಹೇಬ್ರಿಗೆ ಎಲ್ಲಾನೂ ಬರೆದು ಕಳ್ಸಾದ್ಮೇಲೆ ಅಂತ. ಅದ್ಕೇ ಬಾಯ್ಮುಚ್ಕಂಡಿದ್ದೆ."

"ಸುಳ್ಳು."

"ಸುಳ್ಳೇ ಅನ್ಕೊ."

"ನಂಗೆ ಹನ್ನೆರಡು ವರ್ಷ ಆಗೋವರೆಗೂ ಅವ್ನು ಹೆಗಲ ಮೇಲೆ ಹೊತ್ಕಂಡು ಈ ಕೋಡಿ ದಾಟ್ಸಿದ್ದಾನೆ. ಇಸ್ಕೂಲಿಗೆ. ನಿನ್ ಮಾತು ಕೇಳಿ ನಾನು..."

"ಇನ್ನೊಂದು ಹೇಳ್ತೀನಿ. ಅದೂ ಸುಳ್ಳಾ ನೀನೇ ನೋಡು." ಚಲುವರಾಜು ದನಿ ತಗ್ಗಿಸಿದ. "ಮೇಷ್ಟ್ರ ಚಪ್ಪಲಿ ಒಂದೊಂದು ಕಡೀಕೆ ಎಗರಿ ಬಿದ್ದಿದ್ವು. ನಿಮ್ಮಣ್ಣ ಓಡೋಗೋಕ್ ಮುಂಚೆ ಎರಡೂ ಎತ್ಕಂಡು, ಪಂಚೇಲಿ ಮಣ್ಣು ಒರೆಸಿ, ಮೇಷ್ಟ್ರ ಸೈಕಲ್ ಪಕ್ಕ ಜೋಡಿ ಮಾಡಿ ಇಟ್ಟ. ನಂಗೆ ಅದೇ ಎದೆ ಒಡ್ದೋಯ್ತು. ಇಂಥ ಒತ್ತಲ್ಲಿ ಯಾರಾರ ಚಪ್ಪಲಿ ಜೋಡಿಸ್ತಾರಾ ಅಂತ."

ಅಣ್ಣಮ್ಮ ಕೂತಳು.

ಠಾಣೆಯ ಮಹಜರಿನಲ್ಲಿ ಆ ಸಾಲು ಇತ್ತು. ಒಂದು ಜೊತೆ ಚರ್ಮದ ಚಪ್ಪಲಿ, ಸೈಕಲ್ಲಿನ ಪಕ್ಕ, ಜೋಡಿಸಿಟ್ಟ ಸ್ಥಿತಿಯಲ್ಲಿ. ಮೇಷ್ಟ್ರೇ ಬಿಚ್ಚಿಟ್ಟು ಕೈಕಾಲು ತೊಳೆಯಲು ಇಳಿದಿರಬೇಕು ಎಂದುಕೊಂಡಿದ್ದರು ಎಲ್ಲರೂ. ಊರವರ ಯಾರ ಕಣ್ಣಿಗೂ ಆ ಕಾಗದ ಬಿದ್ದಿರಲಿಲ್ಲ.

ಮನೆಗೆ ಎಷ್ಟೇ ಜನ ನೆಂಟರು ಬಂದರೂ ಹೊಸಿಲಾಚೆ ಚದುರಿದ ಚಪ್ಪಲಿಗಳನ್ನು ಒಂದೊಂದೇ ಜೋಡಿಸಿಡುವವನು ದೇವಯ್ಯ. ಊಟದ ನಡುವೆ ಎದ್ದು ಹೋಗಿ ಜೋಡಿಸಿದ್ದೂ ಉಂಟು. ಅತ್ತಿಗೆ ನಗುತ್ತಿದ್ದಳು. ಅಣ್ಣಮ್ಮ ಪೊಲೀಸು ತರಬೇತಿ ಮುಗಿಸಿ ಒಂಬತ್ತು ತಿಂಗಳಿಗೆ ಬಂದಾಗ, ಅವಳು ಬಿಟ್ಟು ಹೋದ ಹವಾಯಿ ಚಪ್ಪಲಿ ಬಾಗಿಲ ಪಕ್ಕ ಹಾಗೇ ಜೋಡಿಯಾಗಿತ್ತು, ಧೂಳಿಲ್ಲದೆ.

ಅವಳ ಕಣ್ಣಮುಂದೆ ಅಣ್ಣನ ಕೈ ಬಂತು. ಒರೆಸುವ ಕೈ. ಆ ಕೈಯನ್ನು ಅವಳು ಇನ್ಯಾರದೋ ಎಂದುಕೊಳ್ಳಲು ನೋಡಿದಳು. ಆಗಲಿಲ್ಲ.

ಸುತ್ತ ಹಸಿರು ಉಸಿರಾಡುತ್ತಿತ್ತು. ಸಕ್ಕರೆ ಕಾರ್ಖಾನೆಯ ಸೈರನ್ ಎಲ್ಲೋ ದೂರದಲ್ಲಿ ಕೂಗಿ ನಿಂತಿತು. ಇನ್ನು ಎರಡು ಗಂಟೆ ಅವಳು ಬಾಯಿ ಮುಚ್ಚಿ ಕೂತರೆ ಸಾಕು, ಅಣ್ಣ ಜೈಲಿಗೆ. ಬಾಯಿ ಬಿಟ್ಟರೆ ಅಣ್ಣ ಮನೆಗೆ, ಮೇಷ್ಟ್ರು ಮಣ್ಣಿಗೆ. ಗಾಳಿ ನಿಲ್ಲಲಿ ಎಂದು ಬೇಡುತ್ತಿದ್ದವಳು, ನಿಲ್ಲದಿರಲಿ ಎಂದು ಬೇಡಿಕೊಳ್ಳುವಂತಾಯಿತು.

"ಅಣ್ಣಮ್ಮಾ! ಅವ್ವಾ ಅಣ್ಣಮ್ಮಾ!"

ಇಬ್ಬರೂ ಬೆಚ್ಚಿದರು. ಏರಿಯ ಮೇಲೆ ಬಿಳಿ ಅಂಬಾಸಿಡರ್ ನಿಂತಿತ್ತು. ಅದರ ಮುಂದೆ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ಬೀಸುತ್ತಿದ್ದ. ಮೂರು ದಿನದ ಗಡ್ಡ, ನಲುಗಿದ ಅಂಗಿ. ಯಾವ ದನಿಗಾಗಿ ಅವಳು ಮೂರು ರಾತ್ರಿ ಕಾದಿದ್ದಳೋ ಅದೇ ದನಿ.

"ಬುಟ್ಬುಟ್ರು ಕಣವ್ವಾ! ಶಿವಣ್ಣೋರು ಬಂದು ಸಾಹೇಬ್ರ ತಾವ ಮಾತಾಡಿದ್ರು! ಮನೆಗೋಗು ಅಂದ್ರು!"

ಕಾರಿನ ಇನ್ನೊಂದು ಬಾಗಿಲು ತೆರೆದು ಬಿಳಿ ಷರ್ಟಿನ ಶಿವಣ್ಣ ಇಳಿದ. ಆತುರವಿಲ್ಲದೆ ಮುಂದೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಕೆರೆಯನ್ನು ನೋಡಿದ.

"ನಗು," ಎಂದ ಚಲುವರಾಜು ತುಟಿ ಅಲುಗಿಸದೆ. "ಖುಷಿಯಾದೋಳಂಗೆ ಕೈ ಬೀಸು."

ಅಣ್ಣಮ್ಮ ಕೈ ಎತ್ತಿದಳು. ಕೈ ಅವಳದಲ್ಲ ಎನಿಸಿತು.

"ಅಲ್ಲಿ ಏನಾರ ಸಿಕ್ತೇನವ್ವಾ?" ದೇವಯ್ಯ ಕೂಗಿದ.

ಹುಟ್ಟಿದಾಗಿನಿಂದ ಅವಳು ಆ ಮನುಷ್ಯನಿಗೆ ಒಂದು ಸುಳ್ಳು ಹೇಳಿರಲಿಲ್ಲ.

"ಇಲ್ಲಾ ಅಣ್ಣಾ! ಬರೀ ಸೊಪ್ಪು! ಸಿಕ್ಕಾಕ್ಕಂಡಿದ್ದೀವಿ, ಅಷ್ಟೇಯಾ!"

 ಆಮೇಲೆ ಶಿವಣ್ಣ ಕೂಗಿದ. ಊರಜಗಲಿಯ ಮೇಲೆ ಕೂತು ಕುಶಲ ಕೇಳುವವನ ದನಿ.

"ಲೋ ಚಲುವರಾಜು! ನಾಗಮಂಗಲದಲ್ಲಿ ನಿನ್ ತಂಗಿ ಚೆಂದಾಗವ್ಳೇನ್ಲಾ? ಮನೆಗೆ ಯಾರೋ ವಯಸ್ಸಾದ ನೆಂಟ್ರು ಬಂದು ಮಲಗವ್ರಂತೆ? ಮಾತೇ ಆಡಲ್ವಂತೆ?"

ಕುಡುಗೋಲು ಚಲುವರಾಜುವಿನ ತೊಡೆಯಿಂದ ಜಾರಿ ಹರಿಗೋಲಿನ ತಳಕ್ಕೆ ಬಿತ್ತು.

ಆ ನೆಂಟರು ಯಾರೆಂದು ಅಣ್ಣಮ್ಮ ಕೇಳಬೇಕಾಗಿರಲಿಲ್ಲ. 

"ನೀವು ಅಲ್ಲೇ ಆರಾಮಾಗಿ ಕೂತ್ಕಳ್ರಪ್ಪ!" ಶಿವಣ್ಣ ಬಾಗಿಲು ತೆರೆದ. "ನಾವು ಒಂದು ಹೆಜ್ಜೆ ಓಗಿ ನೋಡ್ಕಂಡು ಬತ್ತೀವಿ. ಕಾಯಿಲೆಯೋರು ಪಾಪ. ಬಾರಲೇ ದೇವಯ್ಯ."

ದೇವಯ್ಯ ನಿಂತೇ ಇದ್ದ. ಕೆರೆಯ ಕಡೆ ನೋಡುತ್ತಾ. ಅಷ್ಟು ದೂರದಿಂದ ಅವನ ಮುಖ ಅಣ್ಣಮ್ಮನಿಗೆ ಸರಿಯಾಗಿ ಕಾಣಿಸಲಿಲ್ಲ. ಆಮೇಲೆ ಅವನು ತಿರುಗಿ ಕಾರಿನ ಮುಂದಿನ ಸೀಟಿಗೆ ಹತ್ತಿದ.

ಏರಿ ಮುಗಿಯುವಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಊರು, ಬಲಕ್ಕೆ ನಾಗಮಂಗಲ. ಕಾರು ಎಡಕ್ಕೆ ತಿರುಗಲಿಲ್ಲ.

"ಅಣ್ಣಾ!" ಅಣ್ಣಮ್ಮ ಎದೆಯೊಡೆಯುವಂತೆ ಕೂಗಿ ಹರಿಗೋಲಿನ ಅಂಚಿಗೆ ಕಾಲಿಟ್ಟಳು. "ಅಣ್ಣಾ, ಇಳೀ! ಇಳ್ಕೊಂಬುಡೋ!"

ಕಾರು ಒಂದು ಕ್ಷಣ ನಿಧಾನವಾಯಿತು. ದೇವಯ್ಯ ಕೂತಿದ್ದ ಕಡೆಯ ಕಿಟಕಿಯ ಗಾಜು, ಒಳಗಿನಿಂದ ಯಾರೋ ತಿರುಗಿಸಿದ ಹಾಗೆ, ತಡೆದು ತಡೆದು ಮೇಲೇರಿ ಮುಚ್ಚಿಕೊಂಡಿತು.